ಬಾಲ್ ಎತ್ತಿಕೊಡೋನ ಕಥೆ (ವಾಲಿಬಾಲ್ ಇತಿಹಾಸ, ಭಾಗ 4)

ಮೊದಲನೇ ಫೋಟೋ ನೋಡಿ. ಜಾತ್ರೆ ಟೈಮಲ್ಲಿ ನಡೆದ ಹೊನಲು ಬೆಳಕಿನ ಪಂದ್ಯಾವಳಿ ಗೆದ್ದ ಮೇಲೆ ಹಾಕಿಸಿದ ಫ್ಲೆಕ್ಸು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ಕಡೆಯಿಂದ ಟೀಮು ಬಂದಿದ್ವು. ಗೆದ್ದಿದ್ದು ನಾವೇ. ಫ್ಲೆಕ್ಸಲ್ಲಿ ಸ್ಮ್ಯಾಷ್ ಹೊಡೆಯೋ ಮೂರು ಜನ ಇದ್ದಾರೆ. ನಾನಿಲ್ಲ. ನಾನು ಸೆಟ್ಟರ್.

ಬೇಜಾರಾಗಿದ್ದು ನಿಜ. ಅವತ್ತು ರಾತ್ರಿ ಮೊಬೈಲಲ್ಲಿ ಹಳೇ ಮ್ಯಾಚ್ ನೋಡ್ತಾ ಕೂತಾಗ ಸಿಕ್ಕಿದ್ದು ಸರ್ಬಿಯಾದ ನಿಕೋಲಾ ಗ್ರಬಿಚ್. ಅವರೂ ಸೆಟ್ಟರ್. ಹಾಗಾಗಿ ಈ ಭಾಗ ಅವರದ್ದು.

ಎರಡನೇ ಫೋಟೋ: ಸರ್ಬಿಯಾದ ಉತ್ತರಕ್ಕೆ ಝ್ರೆನ್ಯಾನಿನ್ ಅಂತ ಒಂದು ಪಟ್ಟಣ, ಅದರ ಪಕ್ಕ ಕ್ಲೆಕ್ ಅನ್ನೋ ಹಳ್ಳಿ. ನಮ್ಮ ಹೋಬಳಿ ಊರುಗಳಷ್ಟು ದೊಡ್ಡದು, ಅಷ್ಟೇ. ಬ್ಯಾಸ್ಕೆಟ್‌ಬಾಲ್‌ನ ದೊಡ್ಡ ಹೆಸರು ದೆಯಾನ್ ಬೊದಿರೋಗಾ ಬೆಳೆದಿದ್ದೂ ಅಲ್ಲೇ. ನಿಕೋಲಾ ಹುಟ್ಟಿದ್ದು 1973ರಲ್ಲಿ, ಅಣ್ಣ ವ್ಲಾದಿಮಿರ್ 1970ರಲ್ಲಿ. ಅವರಪ್ಪ ಮಿಲೋಶ್ ಕೂಡ ವಾಲಿಬಾಲ್ ಆಟಗಾರರೇ, 1975ರಲ್ಲಿ ಯುರೋಪಿಯನ್ ಚಾಂಪಿಯನ್‌ಶಿಪ್‌ನಲ್ಲಿ ಕಂಚು ಗೆದ್ದ ಯುಗೊಸ್ಲಾವಿಯಾ ಟೀಮಲ್ಲಿದ್ದವರು. ಅಣ್ಣ ಹೊಡೆಯೋನು, ತಮ್ಮ ಎತ್ತಿಕೊಡೋನು. ಮನೆಯಂಗಳದಲ್ಲೇ ಅರ್ಧ ಟೀಮು ರೆಡಿ!

ಆದ್ರೆ ದೇಶ ರೆಡಿ ಇರ್ಲಿಲ್ಲ. 1991ರಿಂದ ಯುಗೊಸ್ಲಾವಿಯಾ ಒಡೆಯೋಕೆ ಶುರುವಾಯ್ತು. ಸ್ಲೊವೇನಿಯಾ, ಕ್ರೊಯೇಷಿಯಾ, ಬೋಸ್ನಿಯಾ ಒಂದೊಂದಾಗಿ ಬೇರೆಯಾದ್ವು, ಯುದ್ಧ ನಡೀತು. ಸರ್ಬಿಯಾ ಮತ್ತು ಮಾಂಟೆನೆಗ್ರೊ ಮಾತ್ರ ಯುಗೊಸ್ಲಾವಿಯಾ ಅನ್ನೋ ಹಳೇ ಹೆಸರಲ್ಲೇ ಉಳಿದ್ವು. 1992ರ ಮೇ 30ಕ್ಕೆ ವಿಶ್ವಸಂಸ್ಥೆ ಆ ದೇಶದ ಮೇಲೆ ನಿರ್ಬಂಧ ಹೇರಿತು. ಅದರಲ್ಲಿ ಕ್ರೀಡೆಯೂ ಸೇರಿತ್ತು. ಆ ವರ್ಷದ ಬಾರ್ಸಿಲೋನಾ ಒಲಿಂಪಿಕ್ಸ್‌ಗೆ ಒಂಟಿಯಾಗಿ ಆಡೋ ಕ್ರೀಡಾಪಟುಗಳು ಒಲಿಂಪಿಕ್ ಬಾವುಟದ ಕೆಳಗೆ ಹೋಗಬಹುದಿತ್ತು, ಟೀಮ್ ಆಟಗಳಿಗೆ ಪ್ರವೇಶವೇ ಇಲ್ಲ.

ಆಗ ನಿಕೋಲಾಗೆ 18 ವರ್ಷ. ಕೋವಿಡ್ ಟೈಮಲ್ಲಿ ಟೂರ್ನಮೆಂಟ್ ಇಲ್ದೆ ನಮ್ಮ ಬಾಲು ಮಂಚದ ಕೆಳಗೆ ಬಿದ್ದಿತ್ತಲ್ಲ, ನಮಗೆ ಅದೇ ದೊಡ್ಡ ಕಷ್ಟ ಅನ್ಸಿತ್ತು. ಇವರಿಗೆ ಬಾಗಿಲು ಹಾಕಿದ್ದು ಕಾಯಿಲೆ ಅಲ್ಲ, ದೊಡ್ಡವರ ಯುದ್ಧ. 18ರ ಹುಡುಗ ಅದರಲ್ಲಿ ಏನು ಮಾಡಿದ್ದ? ನಿರ್ಬಂಧ ಸರಿಯೋ ತಪ್ಪೋ ಅಂತ ನಾನು ತೀರ್ಪು ಕೊಡಲ್ಲ, ಬೋಸ್ನಿಯಾದಲ್ಲಿ ಸತ್ತವರ ಲೆಕ್ಕ ಓದಿದ ಮೇಲೆ ಬಾಯೇ ಬರಲ್ಲ. ಆದ್ರೆ ಆ ಪ್ರಶ್ನೆ ಮಾತ್ರ ತಲೆಯಿಂದ ಹೋಗ್ತಿಲ್ಲ.

1995ರಲ್ಲಿ ಬಾಗಿಲು ತೆಗೀತು. ಅದೇ ವರ್ಷ ಯುರೋಪಿಯನ್ ಚಾಂಪಿಯನ್‌ಶಿಪ್‌ನಲ್ಲಿ ಕಂಚು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ರಷ್ಯಾನ 3-1ರಲ್ಲಿ ಸೋಲಿಸಿ ಮತ್ತೆ ಕಂಚು. 1998ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಬೆಳ್ಳಿ. ಆಮೇಲೆ 1999ರಲ್ಲಿ ನ್ಯಾಟೋ ಬಾಂಬ್ ದಾಳಿ, 78 ದಿನ. ನೋವಿಸಾದ್‌ನಲ್ಲಿ ಡ್ಯಾನ್ಯೂಬ್ ನದಿಯ ಮೂರೂ ಸೇತುವೆ ನೀರಿಗೆ ಬಿದ್ವು.

ಮೂರನೇ ಫೋಟೋಗೆ ಬನ್ನಿ, ಸಿಡ್ನಿ 2000. ಇದನ್ನ ನಾನು ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ. ಹಳೇ ಲೆಕ್ಕದಲ್ಲಿ ಸರ್ವೀಸ್ ಇದ್ದೋರಿಗೆ ಮಾತ್ರ ಪಾಯಿಂಟು, 15ಕ್ಕೆ ಸೆಟ್ಟು. ನಮ್ಮ ಮಾವಂದಿರು ಈಗಲೂ ಅದನ್ನೇ ಹೇಳ್ತಾರೆ. ಪ್ರತಿ ರ‍್ಯಾಲಿಗೂ ಪಾಯಿಂಟ್, 25ಕ್ಕೆ ಸೆಟ್ ಅನ್ನೋದು ಒಲಿಂಪಿಕ್ಸ್‌ಗೆ ಬಂದಿದ್ದು ಸಿಡ್ನಿಯಲ್ಲೇ. ಗುಂಪಿನ ಹಂತದಲ್ಲಿ ಯುಗೊಸ್ಲಾವಿಯಾ ಇಟಲಿಗೂ ಸೋತಿತ್ತು, ರಷ್ಯಾಗೂ ಸೋತಿತ್ತು. ಕ್ವಾರ್ಟರ್ ಫೈನಲ್‌ನಲ್ಲಿ ಹಿಂದಿನ ಚಾಂಪಿಯನ್ ನೆದರ್ಲೆಂಡ್ಸ್ ಮೇಲೆ ಐದನೇ ಸೆಟ್ಟಿನವರೆಗೂ ಹೋಗಿ ಹೆಂಗೋ ಬಚಾವಾದ್ರು. ಸೆಮಿಫೈನಲ್‌ನಲ್ಲಿ ಅದೇ ಇಟಲಿ, 3-0. ಫೈನಲ್‌ನಲ್ಲಿ ಅದೇ ರಷ್ಯಾ: 25-22, 25-22, 25-20. ಚಿನ್ನ!

ವಿಡಿಯೋ ಸಿಕ್ಕಿದ್ರೆ ಒಂದು ಕೆಲಸ ಮಾಡಿ. ವ್ಲಾದಿಮಿರ್ ಅಥವಾ ಮಿಲ್ಕೊವಿಚ್ ಹೊಡೆಯೋದನ್ನ ಬಿಟ್ಟು, ಅದಕ್ಕೆ ಒಂದು ಸೆಕೆಂಡ್ ಮುಂಚೆ ನಿಕೋಲಾ ಕೈ ನೋಡಿ. ಬಾಲು ಯಾವ ಕಡೆ ಹೋಗುತ್ತೆ ಅಂತ ಎದುರಿನ ಬ್ಲಾಕರ್‌ಗೆ ಕೊನೇವರೆಗೂ ಗೊತ್ತಾಗಲ್ಲ. ಹೊಡೆಯೋನ ಮುಂದೆ ಇಬ್ಬರು ಬ್ಲಾಕರ್ ಬದಲು ಒಬ್ಬನೇ ಇರ್ತಾನೆ. ಸೆಟ್ಟರ್ ಗೆಲ್ಸಿಕೊಡೋದು ಹಂಗೆ, ಸ್ಕೋರ್‌ಬೋರ್ಡಲ್ಲಿ ಅದು ಬರಲ್ಲ.

ಆ ಫೈನಲ್ ನಡೆದಿದ್ದು ಅಕ್ಟೋಬರ್ 1ಕ್ಕೆ. ಅಕ್ಟೋಬರ್ 5ಕ್ಕೆ ಬೆಲ್‌ಗ್ರೇಡ್‌ನಲ್ಲಿ ಜನ ಪಾರ್ಲಿಮೆಂಟಿಗೆ ನುಗ್ಗಿದ್ರು, ಮಿಲೊಸೆವಿಚ್ ಅಧಿಕಾರ ಮುಗೀತು. ಚಿನ್ನ ಗೆದ್ದು ನಾಲ್ಕೇ ದಿನಕ್ಕೆ ಸರ್ಕಾರ ಬಿತ್ತು. 2003ರಲ್ಲಿ ದೇಶದ ಹೆಸರು ಸರ್ಬಿಯಾ ಮತ್ತು ಮಾಂಟೆನೆಗ್ರೊ ಆಯ್ತು, 2006ರಲ್ಲಿ ಬರೀ ಸರ್ಬಿಯಾ. ನಿಕೋಲಾ ಆಡಿದ್ದು ನಾಲ್ಕು ಒಲಿಂಪಿಕ್ಸ್, ಎದೆ ಮೇಲೆ ಮೂರು ಹೆಸರು. ಮಧುಗಿರಿಯಿಂದ ಪಾವಗಡಕ್ಕೆ ಬಸ್ಸಲ್ಲಿ ಹೋಗೋರಿಗೆ ನಡುವೆ ಆಂಧ್ರ ಬಂದು ಹೋಗೋದು ಗೊತ್ತು, ನಾವು ನಿದ್ದೆಗಣ್ಣಲ್ಲೇ ದಾಟ್ತೀವಿ. ಇವರು ಕೂತಲ್ಲೇ ಕೂತಿದ್ರು, ಗಡಿ ಬಂದು ಬಂದು ಹೋಯ್ತು. ಅಂತಾರಾಷ್ಟ್ರೀಯ ವಾಲಿಬಾಲ್ ಫೆಡರೇಷನ್ ಹಳೇ ದೇಶದ ಪದಕಗಳನ್ನೆಲ್ಲ ಈಗ ಸರ್ಬಿಯಾ ಖಾತೆಗೇ ಬರೆದಿದೆ. ಬಿಕಾಂ ಭಾಷೇಲಿ ಹೇಳೋದಾದ್ರೆ ಓಪನಿಂಗ್ ಬ್ಯಾಲೆನ್ಸ್!

ಹೊಟ್ಟೆಪಾಡು ಹೆಚ್ಚಾಗಿ ಇಟಲಿ ಲೀಗಲ್ಲಿ. ಟ್ರೆಂಟೊ ಟೀಮಲ್ಲಿ 2008ರ ಇಟಲಿ ಲೀಗ್, 2009ರ ಚಾಂಪಿಯನ್ಸ್ ಲೀಗ್, ಕುನಿಯೊ ಟೀಮಲ್ಲಿ 2010ರ ಇಟಲಿ ಲೀಗ್. ಕೊನೆಗೆ ರಷ್ಯಾದ ಕಜಾನ್.

ನಮಗೆ ಹತ್ತಿರದ ಒಂದು ಕೊಂಡಿ ಇದೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನ ಕ್ವಾರ್ಟರ್ ಫೈನಲ್‌ನಲ್ಲಿ ನಿಕೋಲಾ ಇದ್ದ ಸರ್ಬಿಯಾನ ಅಮೆರಿಕ 3-2ರಲ್ಲಿ ಸೋಲಿಸಿ, ಮುಂದೆ ಚಿನ್ನ ಗೆದ್ದಿತು. ಆ ಅಮೆರಿಕ ಟೀಮಲ್ಲಿದ್ದ ಡೇವಿಡ್ ಲೀ, ಪ್ರೈಮ್ ವಾಲಿಬಾಲ್ ಲೀಗ್‌ನಲ್ಲಿ ನಮ್ಮ ಬೆಂಗಳೂರು ಟಾರ್ಪಿಡೋಸ್ ಕೋಚು. 2025ರ ಅಕ್ಟೋಬರ್‌ನಲ್ಲಿ ಕಪ್ ಗೆದ್ದಿದ್ದು ಅವರ ಕೈಕೆಳಗೇ.

ನಿಕೋಲಾ ಕೂಡ ಈಗ ಕೋಚ್. 2016ರಲ್ಲಿ ಸರ್ಬಿಯಾಗೆ ವರ್ಲ್ಡ್ ಲೀಗ್ ಗೆಲ್ಸಿಕೊಟ್ರು. 2022ರಿಂದ ಪೋಲೆಂಡ್ ಟೀಮ್ ಅವರದ್ದು: 2023ರಲ್ಲಿ ಯುರೋಪಿಯನ್ ಚಾಂಪಿಯನ್, 2024ರ ಪ್ಯಾರಿಸ್‌ನಲ್ಲಿ ಬೆಳ್ಳಿ. ಕೊನೇ ಫೋಟೋದಲ್ಲಿ ಸೈಡ್‌ಲೈನ್ ಪಕ್ಕ ಕೈಕಟ್ಟಿ ನಿಂತಿರೋರು ಅವರೇ.

ಮುಂದಿನ ಭಾಗ: ಇಟಲಿ ಲೀಗಲ್ಲಿ ಇವರಿಗಿಂತ ಮುಂಚೆನೇ ಆಡಿದ ನಮ್ಮ ಜಿಮ್ಮಿ ಜಾರ್ಜ್. ನಿಮ್ಮೂರ ಟೀಮಲ್ಲಿ ಸೆಟ್ಟರ್ ಯಾರು? ಟ್ಯಾಗ್ ಮಾಡಿ, ಅವನ ಫೋಟೋ ಸ್ಟೋರಿಗೆ ಹಾಕ್ತೀನಿ.

#ವಾಲಿಬಾಲ್ #ಸೆಟ್ಟರ್ #ಮಧುಗಿರಿ #ಶಿರಾ #ಕೊರಟಗೆರೆ #ಪಾವಗಡ