ಪ್ರಶಸ್ತಿಯೂ ಸೀಮೆಯೂ: ಸುದ್ದಿವಾಹಿನಿಗಳ ಒಡೆತನದ ವಿಚಾರ

ತಿಳವಳ್ಳಿಯ ಶಾಂತೇಶ್ವರ ದೇವಾಲಯವು ಹದಿಮೂರನೆಯ ಶತಮಾನದಲ್ಲಿ, ಸೇವುಣರ ಆಳಿಕೆಯ ಕಾಲದಲ್ಲಿ ನಿರ್ಮಿತವಾದುದು. ಆ ಕಾಲದ ದಾನಶಾಸನಗಳನ್ನು ಓದಿದವರಿಗೆ ಅವುಗಳ ಕ್ರಮವು ತಿಳಿದೇ ಇರುವುದು. ಮೊದಲು ಅರಸನ ಪ್ರಶಸ್ತಿ, ಬಳಿಕ ದಾನಿಯ ವರ್ಣನೆ, ಆಮೇಲೆ ಕೊಟ್ಟ ಭೂಮಿಯ ಅಳತೆ ಮತ್ತು ಸೀಮೆ, ಕೊನೆಗೆ ಶಾಪವಾಕ್ಯ. ಕವಿಯು ತನ್ನ ಪೋಷಕನನ್ನು ಕರ್ಣನಿಗಿಂತ ಮಿಗಿಲಾದ ದಾನಿಯೆಂದರೆ ಯಾರಿಗೂ ನಷ್ಟವಿರಲಿಲ್ಲ. ಸೀಮೆಯನ್ನು ತಪ್ಪಿ ಬರೆದರೆ ಮಾತ್ರ ದೇವರ ಹೊಲವು ಪರರ ಪಾಲಾಗುತ್ತಿದ್ದಿತು. ಅನ್ನವಿಕ್ಕಿದವನು ಒಬ್ಬನೇ ಆದರೂ ಈ ಎರಡು ಭಾಗಗಳ ಧರ್ಮವು ಬೇರೆ ಬೇರೆ. ಈ ವಿವೇಕವೇ ಇಂದು ಸುದ್ದಿವಾಹಿನಿಗಳಲ್ಲಿ ಪರೀಕ್ಷೆಗೆ ಒಳಗಾಗಿದೆ.

ಕನ್ನಡದ ಪ್ರಥಮ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಹೊರಡಿಸಿದವರು ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗರು. ಅಲ್ಲಿಂದೀಚೆಗೆ ಬಹುಕಾಲ ಅನೇಕ ಪತ್ರಿಕೆಗಳಲ್ಲಿ ಒಡೆಯನೂ ಸಂಪಾದಕನೂ ಒಬ್ಬನೇ ಆಗಿರುತ್ತಿದ್ದನು. 1908ರಲ್ಲಿ ಮೈಸೂರು ಸಂಸ್ಥಾನದ ಸರಕಾರವು ಪತ್ರಿಕೆಗಳನ್ನು ನಿರ್ಬಂಧಿಸುವ ಕಾಯಿದೆಯನ್ನು ತಂದಾಗ ಎಂ. ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿಬಿಟ್ಟರು. ಒಡೆತನವು ಅವರದಾಗಿದ್ದುದರಿಂದ ನಿಲ್ಲಿಸುವ ಸ್ವಾತಂತ್ರ್ಯವೂ ಅವರದಾಗಿದ್ದಿತು. 1921ರಲ್ಲಿ ಬೆಳಗಾವಿಯಲ್ಲಿ ಹುಟ್ಟಿ ಮುಂದೆ ಹುಬ್ಬಳ್ಳಿಗೆ ಬಂದ 'ಸಂಯುಕ್ತ ಕರ್ನಾಟಕ'ವು ಲೋಕಶಿಕ್ಷಣ ಟ್ರಸ್ಟಿನ ಆಶ್ರಯವನ್ನು ಪಡೆಯಿತು. ಒಬ್ಬ ಧಣಿಯ ಸ್ವತ್ತಾಗಲಿಲ್ಲ.

ದೂರದರ್ಶನ ವಾಹಿನಿಗೆ ಬೇಕಾಗುವ ಬಂಡವಾಳವು ಅಂಥದಲ್ಲ. ಕ್ಯಾಮರಾ, ಉಪಗ್ರಹ, ಕೇಬಲಿನ ಬಾಡಿಗೆ ಇವುಗಳ ವೆಚ್ಚವನ್ನು ಬರಿಯ ಬರೆಹಗಾರನು ಹೊರಲಾರನು. ಆದುದರಿಂದ 2006ರಲ್ಲಿ ಟಿವಿ9 ಕನ್ನಡವು ಬಂದ ಮೇಲೆ ಈ ರಂಗವನ್ನು ಪ್ರವೇಶಿಸಿದವರಲ್ಲಿ ಉದ್ಯಮಿಗಳೂ ರಾಜಕಾರಣಿಗಳೂ ಸೇರಿದ್ದರು. 2007ರ ಕಸ್ತೂರಿ ವಾಹಿನಿಯು ಮಾಜಿ ಪ್ರಧಾನಿ ದೇವೇಗೌಡರ ಕುಟುಂಬದವರದು. 2008ರ ಸುವರ್ಣ ನ್ಯೂಸ್ ವಾಹಿನಿಯು ಆಗ ರಾಜ್ಯಸಭೆಯ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರರ ಸಮೂಹದ್ದು. ಸಾರಿಗೆ ಉದ್ಯಮಿ ವಿಜಯ ಸಂಕೇಶ್ವರರು 1999ರಲ್ಲಿ ಆರಂಭಿಸಿದ 'ವಿಜಯ ಕರ್ನಾಟಕ'ವು 2006ರಲ್ಲಿ ಟೈಮ್ಸ್ ಸಮೂಹಕ್ಕೆ ಮಾರಾಟವಾಯಿತು. ಅವರದೇ ಸಮೂಹದ ದಿಗ್ವಿಜಯ ವಾಹಿನಿಯು 2017ರಲ್ಲಿ ಬಂದಿತು. ಇಂಥ ಒಡೆತನವೇ ದೋಷವೆಂದು ಇದರಿಂದ ಸಿದ್ಧವಾಗದು. ಆದರೆ ಒಡೆಯನ ಇತರ ವ್ಯವಹಾರವೇ ಸುದ್ದಿಯಾದ ದಿನ ಬಾತ್ಮೀದಾರನು ಏನು ಮಾಡಬೇಕೆಂಬ ಪ್ರಶ್ನೆಯು ಇಂಥಲ್ಲಿಯೇ ಹುಟ್ಟುವುದು.

ತಾಲೂಕಿನ ಬಾತ್ಮೀದಾರನ ಪಾಡು ಇನ್ನೂ ಕಷ್ಟದ್ದು. ಅನೇಕರಿಗೆ ತಿಂಗಳ ಸಂಬಳವಿಲ್ಲ. ಪ್ರಸಾರವಾದ ಸುದ್ದಿಯೊಂದಕ್ಕೆ ಇಂತಿಷ್ಟೆಂದು ಕೂಲಿ. ಸುದ್ದಿ ತರುವವನೇ ಜಾಹೀರಾತನ್ನೂ ತರಬೇಕಾಗುವುದು. ಕೆರೆಯ ಹೂಳೆತ್ತದೆ ಬಿಲ್ಲೆತ್ತಿದ ಗುತ್ತಿಗೆದಾರನೇ ಹಬ್ಬದ ಶುಭಾಶಯದ ಜಾಹೀರಾತಿನವನೂ ಆಗಿದ್ದರೆ, ಅವನ ಮನೆಯ ಬಾಗಿಲಿಗೆ ಯಾವ ಮುಖದಿಂದ ಹೋಗಬೇಕು? ಇಲ್ಲಿ ಸುಳ್ಳು ಹೇಳೆಂದು ಯಾರೂ ಆಜ್ಞಾಪಿಸಬೇಕಾಗಿಲ್ಲ, ಸುಮ್ಮನಿದ್ದರೆ ಸಾಕು.

2009ರ ಲೋಕಸಭಾ ಚುನಾವಣೆಯ ತರುವಾಯ ಭಾರತೀಯ ಪತ್ರಿಕಾ ಮಂಡಳಿಯು ಕಾಸಿನ ಸುದ್ದಿಯನ್ನು ಕುರಿತು ವಿಚಾರಣೆ ನಡೆಯಿಸಿತು. 2010ರಲ್ಲಿ ಅಂಗೀಕೃತವಾದ ಅದರ ವರದಿಯಲ್ಲಿ ಉಪಸಮಿತಿಯು ಹೆಸರಿಸಿದ್ದ ಸಂಸ್ಥೆಗಳ ಹೆಸರುಗಳನ್ನು ಬಿಡಲಾಯಿತು. 2022ರಲ್ಲಿ ಎನ್‌ಡಿಟಿವಿಯು ಅದಾನಿ ಸಮೂಹದ ವಶವಾಗುತ್ತಿದ್ದಾಗ ರವೀಶ್ ಕುಮಾರರು ಕೆಲಸವನ್ನು ತ್ಯಜಿಸಿದರು. ಖ್ಯಾತನಿಗೆ ಈ ದಾರಿಯುಂಟು. ಹಾನಗಲ್ಲಿನ ಕೂಲಿಯ ಬಾತ್ಮೀದಾರನು ಬಿಟ್ಟುಹೋದರೆ ಕೇಳುವವರಾರು?

ಕಾಯಿದೆಯ ಆಸರೆಯೂ ತಡವಾಗಿಯೇ ಬಂದಿತು. 1955ರ ಕಾರ್ಯನಿರತ ಪತ್ರಕರ್ತರ ಕಾಯಿದೆಯು ವೃತ್ತಪತ್ರಗಳ ನೌಕರರಿಗಾಗಿ ರಚಿತವಾದುದು. ವಿದ್ಯುನ್ಮಾನ ಮಾಧ್ಯಮದವರನ್ನು ಪತ್ರಕರ್ತರ ವ್ಯಾಖ್ಯೆಯೊಳಗೆ ಸೇರಿಸಿದುದು 2020ರ ಕಾರ್ಮಿಕ ಸಂಹಿತೆಗಳಲ್ಲಿ. ವಾಯುತರಂಗಗಳು ಸಾರ್ವಜನಿಕರ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿಯೇ ಸಾರಿದ್ದಿತು. ರಾಜಕೀಯ ಸಂಸ್ಥೆಗಳಿಗೆ ಪ್ರಸಾರದಲ್ಲಿ ಒಡೆತನವಿರಬಾರದೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2014ರಲ್ಲಿ ಶಿಫಾರಸು ಮಾಡಿತು, ಅದು ಕಾಯಿದೆಯಾಗಲಿಲ್ಲ.

ಒಡೆಯನು ತನ್ನ ಪ್ರಶಸ್ತಿಯನ್ನು ಜಾಹೀರಾತೆಂದು ಹೇಳಿ ತೋರಿಸಲಿ. ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಊರ ಕೆರೆ, ಊರ ಹಣ, ಊರ ಮತ ಇವುಗಳ ವರ್ತಮಾನವು ಮಾತ್ರ ಸೀಮೆಯ ಭಾಗಕ್ಕೆ ಸೇರಿದುದು. ಅದನ್ನು ಕಾಯುವ ಭಾರವನ್ನೆಲ್ಲ ಅತ್ಯಂತ ಕಡಮೆ ಕೂಲಿಯವನ ಹೆಗಲಿಗೆ ಹೊರಿಸಿ, ಅವನು ಎಡವಿದಾಗ ನೀತಿಯನ್ನು ಬೋಧಿಸುವುದು ನ್ಯಾಯವಲ್ಲ. ಶಾಸನದ ಶಾಪವಾಕ್ಯವು ಲಿಪಿಕಾರನನ್ನು ಕುರಿತುದಲ್ಲ; ಕೊಟ್ಟ ಭೂಮಿಯನ್ನು ಅಪಹರಿಸುವವನನ್ನು ಕುರಿತುದು.