ಮೇಲೆ ಒಣಗಿದ ಹೊಳೆ, ಕೆಳಗೆ ಕೊಳೆತ ನೀರು: ಅರ್ಕಾವತಿಯ ಕಥೆ

ಭಾನುವಾರ ನಸುಕಿನಲ್ಲಿ ನಂದಿ ಬೆಟ್ಟದ ದಾರಿಯಲ್ಲಿ ನಿಂತರೆ ಬೆಂಗಳೂರಿನ ಕಾರು, ಬೈಕುಗಳ ಸಾಲು ಕಾಣುತ್ತದೆ. ಸೂರ್ಯೋದಯ ನೋಡಲು ಬಂದವರು. ಒಂದು ಕಾಲಕ್ಕೆ ಬೆಂಗಳೂರಿನ ನಲ್ಲಿಗೆ ನೀರು ಕೊಟ್ಟಿದ್ದು ಇದೇ ಬೆಟ್ಟದ ಸೀಮೆಯಲ್ಲಿ ಹುಟ್ಟುವ ಅರ್ಕಾವತಿ ಎಂದು ಅವರಲ್ಲಿ ಎಷ್ಟು ಜನಕ್ಕೆ ಗೊತ್ತೋ!

ಮೊದಲು ಬೆಂಗಳೂರೂ ನಮ್ಮ ಹಳ್ಳಿಗಳ ಹಾಗೆ ಕೆರೆ, ಬಾವಿ, ಕಲ್ಯಾಣಿಯ ನೀರನ್ನೇ ಕುಡಿಯುತ್ತಿತ್ತು. ಪೇಟೆ ಬೆಳೆಯಿತು, ಕೆರೆ ಸಾಲಲಿಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1896ರ ಹೊತ್ತಿಗೆ, ಸುಮಾರು 20 ಕಿ.ಮೀ. ದೂರದ ಹೆಸರಘಟ್ಟದಲ್ಲಿ ಅರ್ಕಾವತಿಯ ನೀರು ನಿಲ್ಲಿಸಿ ಪೈಪಿನಲ್ಲಿ ಊರಿಗೆ ತಂದರು. ಸೋಲದೇವನಹಳ್ಳಿಯಲ್ಲಿ ಉಗಿ ಯಂತ್ರ ಆ ನೀರನ್ನು ಮೇಲೆತ್ತುತ್ತಿತ್ತು. ಅದೂ ಸಾಲದೆ 1933ರಲ್ಲಿ ಇನ್ನೂ ಕೆಳಗೆ, ಕುಮುದ್ವತಿ ಬಂದು ಸೇರುವಲ್ಲಿ, ತಿಪ್ಪಗೊಂಡನಹಳ್ಳಿ ಜಲಾಶಯ ಬಂತು. 1974ರಲ್ಲಿ ಸುಮಾರು 100 ಕಿ.ಮೀ. ಆಚೆಯಿಂದ ಕಾವೇರಿ ಬಂದಳು.

ಅಲ್ಲಿಗೆ ಅರ್ಕಾವತಿಯ ಗತಿ ಬದಲಾಯಿತು ಅಂತ ನನಗನಿಸುತ್ತದೆ. ಕಾವೇರಿ ಬಂದ ಮೇಲೆ ಈ ಹೊಳೆ ಒಣಗಿದರೆ ಪೇಟೆಗೆ ಅಷ್ಟೇನೂ ಬಿಸಿ ತಟ್ಟಲಿಲ್ಲ. ದೊಡ್ಡಬಳ್ಳಾಪುರದ ಸುತ್ತ ರಾಗಿ ಹೊಲಗಳಿಗೆ ನೀಲಗಿರಿ ಬಂತು. ಪೇಟೆಗೆ ತರಕಾರಿ, ಹೂವು ಬೆಳೆಯಲು ಬೋರ್‌ವೆಲ್ ಕೊರೆದೆವು. ಹೌದು, ಕೊರೆದವರು ನಾವೇ. ಮಳೆ ಕಡಿಮೆಯಾಯಿತು ಎನ್ನುವುದು ವಾಡಿಕೆಯ ಮಾತು. ಆದರೆ ಅಧ್ಯಯನ ಮಾಡಿದವರು ಮಳೆಯ ಲೆಕ್ಕ ತೆಗೆದು ನೋಡಿ, ಹೊಳೆ ಬತ್ತಲು ಅದು ಮುಖ್ಯ ಕಾರಣವಲ್ಲ ಎಂದಿದ್ದಾರೆ. ಅವರು ಬೊಟ್ಟು ಮಾಡಿದ್ದು ನೆಲದಡಿಯ ನೀರು ಎತ್ತಿದ್ದರ ಕಡೆಗೆ, ನೀಲಗಿರಿಯ ಕಡೆಗೆ. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಅಷ್ಟರಲ್ಲಿ ಹೊಳೆಯ ಪಾತ್ರದಲ್ಲಿ ಜಾಲಿ ಬೆಳೆದಿತ್ತು.

ಕೆಳಗಿನ ಕಥೆಯೇ ಬೇರೆ. ಅಲ್ಲಿ ನೀರಿಗೆ ಬರವಿಲ್ಲ. ಬೆಂಗಳೂರು ಬಳಸಿ ಬಿಟ್ಟ ಕೊಳಚೆ ನೀರು ವೃಷಭಾವತಿಯಲ್ಲಿ ಹರಿದು ಬೈರಮಂಗಲ ಕೆರೆ ತುಂಬುತ್ತದೆ, ಬೇಸಿಗೆಯಲ್ಲೂ. ಸುತ್ತಲಿನ ರೈತರು ಅದರಲ್ಲೇ ಹಿಪ್ಪುನೇರಳೆ, ಮೇವು ಬೆಳೆಯುತ್ತಾರೆ. ನೊರೆ, ನಾತ, ಸೊಳ್ಳೆ ಎಲ್ಲ ಸಹಿಸಿಕೊಂಡು. ಬೇಡ ಎನ್ನೋಣವೆಂದರೆ ಬೇರೆ ನೀರೆಲ್ಲಿದೆ?

ಆ ನೀರು ಅರ್ಕಾವತಿ ಸೇರಿ, ಕನಕಪುರ ದಾಟಿ, ಸಂಗಮದಲ್ಲಿ ಕಾವೇರಿಗೆ ಬೀಳುತ್ತದೆ. ಅಲ್ಲಿಯೂ ರಜಾ ದಿನ ಬೆಂಗಳೂರಿನ ಪ್ರವಾಸಿಗರದೇ ಜಾತ್ರೆ, ನೀರಾಟ. ಬೆಂಗಳೂರು ಕುಡಿಯಲು ಕಾವೇರಿ ನೀರು ಎತ್ತುವ ಜಾಗ ಸಂಗಮಕ್ಕಿಂತ ಮೇಲಿದೆ. ಹಾಗಾಗಿ ಈ ನೀರು ಪೇಟೆಯ ನಲ್ಲಿಗೆ ವಾಪಸ್ ಹೋಗುವುದಿಲ್ಲ. ಹೊಗೇನಕಲ್, ಮೆಟ್ಟೂರಿನ ಕಡೆಗೆ, ಇನ್ನೂ ಕೆಳಗಿನ ರೈತರ ಗದ್ದೆಗೆ ಹೋಗುತ್ತದೆ.