ಹೊಳೆ ದಾಟುವ ಗಾಡಿ

ಕಳೆದ ತಿಂಗಳು ದುಬೈಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ ಇ-ಮೇಲ್ ಬಂತು. ನೆಲದ ಮೇಲೂ ನೀರಿನಲ್ಲಿಯೂ ಓಡಬಲ್ಲ ಆರು ಗಾಲಿಗಳ ವಾಹನಗಳ ಚಿತ್ರಗಳನ್ನು ಅದರೊಡನೆ ಕಳುಹಿಸಿದ್ದ. “ಸರ್, ನಾವು ನಾಲ್ಕೈದು ಗೆಳೆಯರು ಹಣ ಕೂಡಿಸಿ ಇಂಥದೊಂದನ್ನು ಊರಿಗೆ ತರಬೇಕೆಂದಿದ್ದೇವೆ. ಮಳೆಗಾಲದಲ್ಲಿ ಕುದ್ರುಗಳ ರೋಗಿಗಳನ್ನು ದಾಟಿಸಬಹುದು. ಬೇಸಗೆಯಲ್ಲಿ ಕೊಲ್ಲೂರು ಕಾಡಿನ ಕಡೆಗೂ ಸುತ್ತಾಡಬಹುದು. ಯಾವುದನ್ನು ಆರಿಸೋಣ?” ಎಂಬುದು ಅವನ ಪ್ರಶ್ನೆ.

ಸಮಾಜ ಪಾಠ ಹೇಳಿದ ಮಾಸ್ತರನಿಗೆ ಯಂತ್ರದ ಗೊಡವೆ ಏತಕ್ಕೆಂದು ನೀವು ನಗಬಹುದು. ಆದರೆ ಹೊಳೆಯನ್ನು ಯಾವುದರಲ್ಲಿ ದಾಟಬೇಕೆಂಬ ಪ್ರಶ್ನೆ ನಮ್ಮ ಊರಿಗೆ ಹೊಸತಲ್ಲ. ಆದ್ದರಿಂದ ಅವನಿಗೆ ಬರೆದ ಉತ್ತರವನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಕೊಡುತ್ತಿದ್ದೇನೆ.

ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ, ಖೇಟಕಿ ಎಂಬ ಐದು ಹೊಳೆಗಳು ಗಂಗೊಳ್ಳಿಯ ಬಳಿ ಕಡಲನ್ನು ಸೇರುತ್ತವೆ. 1801ರ ಫೆಬ್ರವರಿಯಲ್ಲಿ ಫ್ರಾನ್ಸಿಸ್ ಬುಕಾನನ್ ಕುಂದಾಪುರದಿಂದ ಬೈಂದೂರಿನತ್ತ ನಮ್ಮ ಕರಾವಳಿಯನ್ನು ಹಾದುಹೋದನು. ಅಂದಿನ ಪ್ರವಾಸಿಗೆ ಈ ದಾರಿ ನೆಲದ ದಾರಿಯಷ್ಟೇ ನೀರಿನ ದಾರಿಯೂ ಆಗಿತ್ತು. ಗಂಗೊಳ್ಳಿಯಿಂದ ಕುಂದಾಪುರ ಪೇಟೆ ಕಣ್ಣೆದುರಿಗೇ ಕಾಣುತ್ತದೆ. ಆದರೆ ರಸ್ತೆಯಲ್ಲಿ ಹೋಗಬೇಕಾದರೆ ತ್ರಾಸಿ, ಹೆಮ್ಮಾಡಿ ಎಂದು ಸುತ್ತಬೇಕು.

1914ರಲ್ಲಿ ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ, ಅಂದರೆ ನಮ್ಮ ಹಿರಿಯರು ಸಿ.ಪಿ.ಸಿ. ಎಂದು ಕರೆಯುತ್ತಿದ್ದ ಬಸ್ಸು ಕಂಪನಿ, ಆರಂಭವಾಯಿತು. ಬಸ್ಸು ಬಂದರೂ ಹೊಳೆಗಳು ಹಾಗೆಯೇ ಇದ್ದವು. ಕಡವಿನಲ್ಲಿ ಇಳಿದು, ದೋಣಿ ಹತ್ತಿ, ಆಚೆ ದಡದಲ್ಲಿ ಇನ್ನೊಂದು ಬಸ್ಸನ್ನು ಹಿಡಿಯುವುದು ಒಂದು ಕ್ರಮ. ಬಸ್ಸನ್ನೇ ದಾಟಿಸುವುದು ಇನ್ನೊಂದು ಕ್ರಮ. ಅದಕ್ಕೆ ಬೇಕಾದದ್ದು ಜಂಗಲ್. ಎರಡು ದೊಡ್ಡ ದೋಣಿಗಳನ್ನು ಜೋಡಿಸಿ ಬಿಗಿದು, ಮೇಲೆ ಹಲಗೆ ಹಾಸಿದರೆ ಜಂಗಲ್ ಸಿದ್ಧ. ಒಂದೇ ದೋಣಿಯ ಮೇಲೆ ಭಾರ ಹೇರಿದರೆ ಅದು ವಾಲುತ್ತದೆ. ಎರಡನ್ನು ದೂರವಿಟ್ಟು ಕಟ್ಟಿದರೆ ವಾಲುವುದು ಕಡಿಮೆ. ನನ್ನ ತಂದೆಯವರು ಜಂಗಲ್ಲಿನ ಮೇಲೆ ಬಸ್ಸು ಏರುವಾಗ ಪ್ರಯಾಣಿಕರನ್ನೆಲ್ಲ ಇಳಿಸುತ್ತಿದ್ದುದನ್ನು ಹೇಳುತ್ತಿದ್ದರು. ಬಸ್ಸಿಗೆ ಈಜು ಕಲಿಸುವ ಬದಲು ಅದಕ್ಕೊಂದು ತೇಲುವ ನೆಲವನ್ನು ಕೊಟ್ಟುದು ನಮ್ಮವರ ಜಾಣ್ಮೆ.

ಬಸ್ಸಿಗೇ ಈಜು ಕಲಿಸಿದವರೂ ಇದ್ದಾರೆ. ಎರಡನೆಯ ಮಹಾಯುದ್ಧದಲ್ಲಿ, 1942ರಿಂದ, ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯು ‘ಡಕ್’ ಎಂಬ ಆರು ಗಾಲಿಗಳ ಲಾರಿಯನ್ನು ತಯಾರಿಸಿತು. ಸುಮಾರು 21,000 ಡಕ್‌ಗಳು ನಿರ್ಮಾಣವಾದವು. ರಸ್ತೆಯಲ್ಲಿ ಗಂಟೆಗೆ ಸುಮಾರು 80 ಕಿ.ಮೀ. ಓಡುತ್ತಿದ್ದ ಈ ಲಾರಿ ನೀರಿನಲ್ಲಿ 10 ಕಿ.ಮೀ. ಆಸುಪಾಸಿನಲ್ಲಿ ಸಾಗುತ್ತಿತ್ತು. ಚಾಲಕನು ಕುಳಿತಲ್ಲಿಂದಲೇ ಟಯರಿನ ಗಾಳಿಯನ್ನು ಹೆಚ್ಚು ಕಡಿಮೆ ಮಾಡಬಹುದಾಗಿತ್ತು. ಗಾಳಿ ಇಳಿಸಿದರೆ ಟಯರು ಅಗಲವಾಗಿ ಹರಡಿ ಮರಳಿನಲ್ಲಿ ಹೂಳುವುದಿಲ್ಲ. 1944ರ ನಾರ್ಮಂಡಿ ದಾಳಿಯಲ್ಲಿಯೂ 1945ರಲ್ಲಿ ಬರ್ಮಾದ ಐರಾವತಿ ನದಿಯಲ್ಲಿಯೂ ಇವು ದುಡಿದವು.

ಕಾಡು-ಕೆಸರುಗಳಲ್ಲಿ ಸಂಚರಿಸುವವರಿಗಾಗಿ ಸಣ್ಣ ವಾಹನಗಳು ಕೆನಡಾದಲ್ಲಿ ಹುಟ್ಟಿದವು: 1961ರಲ್ಲಿ ಜಿಗರ್, 1967ರಲ್ಲಿ ಆರ್ಗೋ. ನನ್ನ ವಿದ್ಯಾರ್ಥಿ ಕಳುಹಿಸಿದ್ದು ಈ ಜಾತಿಯ ಚಿತ್ರಗಳನ್ನೇ. ಇವುಗಳಲ್ಲಿ ಟಯರಿನ ಹಲ್ಲುಗಳೇ ನೀರನ್ನು ಹಿಂದಕ್ಕೆ ತಳ್ಳುವ ಹುಟ್ಟುಗಳು. ಇತ್ತೀಚೆಗೆ ನಮ್ಮ ಸೇನೆಗೆ ಬಂದಿರುವ ‘ಆಟೋರ್ ಎನ್1200’ ಎಂಬ ವಾಹನಕ್ಕೆ ಆಳೆತ್ತರದ ನಾಲ್ಕು ಟಯರುಗಳು. 1,200 ಕಿಲೋ ಹೊರೆ ಹೊರುತ್ತದೆ. 2025ರ ಆಗಸ್ಟಿನಲ್ಲಿ ಪಂಜಾಬಿನ ನೆರೆಯಲ್ಲಿ ಜನರನ್ನು ಹೊರತರಲು ಇದನ್ನು ಬಳಸಿದರು. ಆದರೆ ನೀರಿನಲ್ಲಿ ಇದರ ವೇಗ ಗಂಟೆಗೆ ಸುಮಾರು 6 ಕಿ.ಮೀ. ಮಾತ್ರ. ಈ ಅಂಕಿಯನ್ನು ನೆನಪಿಟ್ಟುಕೊಳ್ಳಿ.

ಈಗ ಒಂದು ರಾತ್ರಿಯ ಸಂಗತಿ. 1987ರ ಜುಲೈ ತಿಂಗಳು. ಹಲವು ದಿನಗಳಿಂದ ಶಾಲೆಗೆ ಬಾರದಿದ್ದ ಹುಡುಗನೊಬ್ಬನನ್ನು ನೋಡಲು ನಾನು ಒಂದು ಕುದ್ರುವಿಗೆ ಹೋಗಿದ್ದೆ. ಕತ್ತಲಾಗುವ ಹೊತ್ತಿಗೆ ಆ ಮನೆಯ ಅಜ್ಜಿಗೆ ಕೊಟ್ಟಿಗೆಯಲ್ಲಿ ಹಾವು ಕಚ್ಚಿತು. ಅವರನ್ನು ಹೊತ್ತು ಕಡವಿಗೆ ಓಡಿದೆವು. ಮುದುಕ ಅಂಬಿಗ ಹೊಳೆಯನ್ನು ನೋಡಿ ಹಗ್ಗ ಬಿಚ್ಚಲೇ ಇಲ್ಲ. “ಮಾಷ್ಟ್ರೇ, ಈಗ ಹೊಳಿಗ್ ಇಳ್ದ್ರೆ ಅಳ್ವಿಗೇ ಹೋಪ್ದ್. ಇಳ್ತ ನಿಲ್ಲಲಿ” ಎಂದ. ಇಳಿತದ ಹೊತ್ತಿನಲ್ಲಿ ನೆರೆಯ ನೀರೂ ಕೂಡಿ ಅಳಿವೆಯ ಕಡೆಗೆ ಎಳೆಯುತ್ತಿತ್ತು. ಅಜ್ಜಿಯ ಮಗ ಅವನನ್ನು ಬಯ್ದ, ಕೈ ಮುಗಿದ, ಅತ್ತ. ನಾನೂ ಮನಸ್ಸಿನಲ್ಲಿ ಶಪಿಸಿದೆ. ಅರ್ಧ ಗಂಟೆ ಕಳೆಯಿತು. ಅದಕ್ಕಿಂತ ದೀರ್ಘವಾದ ಅರ್ಧ ಗಂಟೆಯನ್ನು ನಾನು ಕಂಡಿಲ್ಲ. ಕೆಳಗಿನಿಂದ ಉಬ್ಬರ ಏರಿ ಸೆಳೆತ ಸಡಿಲವಾದ ಮೇಲೆ ಅವನು ದೋಣಿಯನ್ನು ದಡದ ಗುಂಟ ಮೇಲಕ್ಕೆ ಎಳೆದೊಯ್ದು, ಅಲ್ಲಿಂದ ಓರೆಯಾಗಿ ಬಿಟ್ಟ. ನೀರು ಕೆಳಕ್ಕೆ ತಳ್ಳುತ್ತಿದ್ದಂತೆಯೇ ದೋಣಿ ಆಚೆಯ ಕಡವನ್ನು ಸರಿಯಾಗಿ ಮುಟ್ಟಿತು. ಅಜ್ಜಿ ಬದುಕಿದರು. ಮೊದಲೇ ಇಳಿದಿದ್ದರೆ ದೋಣಿಯಲ್ಲಿದ್ದ ಐವರ ಗತಿ ಏನಾಗುತ್ತಿತ್ತೋ!

ಆದ್ದರಿಂದ ನನ್ನ ವಿದ್ಯಾರ್ಥಿಗೆ ಬರೆದೆ: ವಾಹನವನ್ನು ನೋಡುವ ಮೊದಲು ಹೊಳೆಯನ್ನು ನೋಡು. ಸೆಳೆತ ವಾಹನದ ವೇಗವನ್ನು ಮೀರಿದರೆ ಅದು ಹೊಳೆ ಎಳೆದತ್ತ ಹೋಗುತ್ತದೆ. ಗದ್ದೆ ಯಾವುದು, ತೋಡು ಯಾವುದು ಎಂದು ತಿಳಿಯದ ನಿಂತ ನೆರೆಯಲ್ಲಿ, ಕೆಸರಿನಲ್ಲಿ, ಇಂಥ ಗಾಡಿಗೆ ಸಮಾನವಾದುದಿಲ್ಲ. ಹರಿಯುವ ಹೊಳೆಯ ಮಾತು ಬೇರೆ. ಎರಡನೆಯದಾಗಿ, ತುಂಬಿದ ಹೊರೆಯಲ್ಲಿ ವಾಹನದ ಅಂಚು ನೀರಿನಿಂದ ಎಷ್ಟು ಮೇಲಿರುತ್ತದೆ ಎಂದು ಅಳೆ. ಸಣ್ಣ ಗಾಡಿಗಳು ತಗ್ಗಾಗಿ ತೇಲುತ್ತವೆ. ಅಲೆಯೊಂದು ಒಳನುಗ್ಗಿದರೆ ಸಾಕು. ನಮ್ಮ ಮಡಿಕಲ್ ಕಡಲಿಗಂತೂ ಅವು ಸಲ್ಲವು. ಮೂರನೆಯದಾಗಿ, ಮುಚ್ಚಿದ ಚಾವಣಿಯಿದ್ದರೆ ಆಪತ್ತಿನಲ್ಲಿ ಹೊರಬರುವುದು ಹೇಗೆಂದು ಕೇಳು. 2018ರ ಜುಲೈಯಲ್ಲಿ ಅಮೆರಿಕದ ಮಿಸೌರಿಯಲ್ಲಿ, ಪ್ರವಾಸಿಗರನ್ನು ಒಯ್ಯುತ್ತಿದ್ದ ಡಕ್ ಮಾದರಿಯ ವಾಹನವೊಂದು ಬಿರುಗಾಳಿಗೆ ಸಿಕ್ಕಿ ಸರೋವರದಲ್ಲಿ ಮುಳುಗಿ 17 ಜನ ಸತ್ತರು. ಗಾಳಿಯ ಮುನ್ಸೂಚನೆ ಇದ್ದೂ ನೀರಿಗೆ ಇಳಿದಿದ್ದರು. ನಾಲ್ಕನೆಯದಾಗಿ, ಉಪ್ಪುನೀರು ಬೇರಿಂಗು, ಸರಪಳಿಗಳನ್ನು ತಿನ್ನುತ್ತದೆ. ಬಿಡಿಭಾಗ ಎಲ್ಲಿ ಸಿಗುತ್ತದೆ, ರಿಪೇರಿ ಬಲ್ಲವರು ಯಾರು? ಇನ್ನು ಕಾಡಿನ ಸುತ್ತಾಟ: ಕೊಲ್ಲೂರಿನ ಸುತ್ತ 1974ರಿಂದ ಮೂಕಾಂಬಿಕಾ ವನ್ಯಜೀವಿಧಾಮವಿದೆ. ಅನುಮತಿಯಿಲ್ಲದೆ ಅಲ್ಲಿ ಗಾಡಿ ನುಗ್ಗಿಸುವುದು ಅಪರಾಧ. ಆ ಆಸೆಯನ್ನು ಬಿಟ್ಟುಬಿಡು.

ಕುದ್ರುಗಳಿಗಾಗಿಯೇ ಹಣವಾದರೆ, ಯಂತ್ರ ಜೋಡಿಸಿದ ಒಂದು ಅಗಲವಾದ ದೋಣಿ, ಎಲ್ಲರಿಗೂ ಜೀವರಕ್ಷಕ ಜಾಕೆಟ್ಟು, ಒಂದು ಸ್ಟ್ರೆಚರು, ಆಚೆ ದಡದಲ್ಲಿ ಕಾದಿರುವ ಜೀಪು, ಇವು ಸಾಕು. ಇವೆಲ್ಲಕ್ಕಿಂತ ಮೊದಲು, ಮಳೆಗಾಲದ ನಾಲ್ಕು ತಿಂಗಳು ಹೊಳೆ ಬಲ್ಲ ಒಬ್ಬನಿಗೆ ಸಂಬಳ. ಇದು ಜಂಗಲ್ಲಿನ ಕಾಲದ ಲೆಕ್ಕವೇ: ನೆಲಕ್ಕೆ ನೆಲದ್ದು, ನೀರಿಗೆ ನೀರಿನದು.

ಶರಾವತಿ ಹಿನ್ನೀರಿನಲ್ಲಿ ಬಸ್ಸು-ಕಾರುಗಳನ್ನು ಹೊತ್ತು ದಾಟಿಸುತ್ತಿದ್ದ ಸಿಗಂದೂರಿನ ಲಾಂಚುಗಳಲ್ಲಿ ನಿಮ್ಮಲ್ಲಿ ಅನೇಕರು ನಿಂತಿದ್ದೀರಿ. 2025ರ ಜುಲೈ 14ರಂದು ಅಲ್ಲಿ ಸೇತುವೆ ಉದ್ಘಾಟನೆಯಾಯಿತು. ದ್ವೀಪದಂತಿದ್ದ ಆ ಊರುಗಳವರು ದಶಕಗಳ ಕಾಲ ಕಾದ ಸೇತುವೆ ಅದು, ಸಂತೋಷದ ವಿಷಯ. ಆದರೆ ಸೇತುವೆಗಳು ಬಂದಂತೆ ನೀರನ್ನು ಓದಬಲ್ಲವರು ಕಡಿಮೆಯಾಗುತ್ತಿದ್ದಾರೆ. ಆ ಅಂಬಿಗ ಈಗಿಲ್ಲ. ಅವನಿಗೆ ಅಂದು ಕೃತಜ್ಞತೆ ಹೇಳಲು ನನಗೆ ನೆನಪಾಗಲಿಲ್ಲ. ಮರುದಿನ ಹೋಗಿ ಹೇಳಿದಾಗ ಅವನು ಬಾಡಿಗೆಯ ಚಿಲ್ಲರೆಯನ್ನು ಮಾತ್ರ ಎಣಿಸಿ ತೆಗೆದುಕೊಂಡ.

ಕುದ್ರುಗಳಲ್ಲಿರುವ ನನ್ನ ವಿದ್ಯಾರ್ಥಿಗಳು ನಿಮ್ಮ ಕಡವಿನ ಸೆಳೆತ, ಆಳ, ಹೊತ್ತುಗಳನ್ನು ಬಲ್ಲವರಿಂದ ಕೇಳಿ ಬರೆದು ಕಳುಹಿಸಿದರೆ ದುಬೈಗೆ ತಲುಪಿಸುತ್ತೇನೆ. ಹಣ ಕೂಡಿಸಿದವರು ಕಾಯುತ್ತಿದ್ದಾರೆ.